ಕೆಳಗಿನ ಸಾಲಿನ ಡಾಕ್ಟರು

ಹೋದ ತಿಂಗಳು ಉಡುಪಿಯಿಂದ ಫೋನ್ ಬಂತು. ಡಾಕ್ಟರ ಮಗಳು. "ಆಂಟಿ, ಅಪ್ಪ ಹೋದ್ರು" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು. ಹೋದದ್ದು ನ್ಯುಮೋನಿಯಾದಿಂದ. ಅದು ಬಂದದ್ದು ಎರಡು ತಿಂಗಳು ಮಲಗಿದಲ್ಲೇ ಇದ್ದದ್ದರಿಂದ. ಮಲಗಿದ್ದು ಸೊಂಟದ ಮೂಳೆ ಮುರಿದದ್ದರಿಂದ. ಮುರಿದದ್ದು ಬಚ್ಚಲಲ್ಲಿ ಜಾರಿ ಬಿದ್ದದ್ದರಿಂದ. "ಕೆಳಗಿನ ಸಾಲು ಬಚ್ಚಲು, ಆಂಟಿ" ಎಂದು ಹೇಳಿ ಮುಗಿಸಿ, ಆಮೇಲೆ ಅತ್ತಳು. ನಾನೂ ಅತ್ತೆ. ತಂದೆ ಸತ್ತ ದಿನವೂ ಕಾರಣಗಳನ್ನು ಕ್ರಮ ತಪ್ಪದೆ ಒಪ್ಪಿಸುವ ಮಗಳು ಈ ಭೂಮಿಯ ಮೇಲೆ ಅವರೊಬ್ಬರಿಗೇ ಇರಲು ಸಾಧ್ಯ.

ನಾನು ಮೈಸೂರಿನವಳು, ಸ್ಟಾಟಿಸ್ಟಿಕ್ಸ್ ಓದಿದವಳು. ತೊಂಬತ್ತರ ದಶಕದಲ್ಲಿ ಗಂಡ ಹೆಂಡತಿ ಇಬ್ಬರೂ ಸಿಂಗಾಪುರದಲ್ಲಿದ್ದೆವು. ಗಂಡನಿಗೆ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕೆಲಸ. ನನಗೆ ತಂಜೊಂಗ್ ಪಗಾರ್‌ನ ಒಂದು ಪುಟ್ಟ ಆಫೀಸಿನಲ್ಲಿ ಯುರೋಪಿನ ಸಾವುಗಳನ್ನು ಎಣಿಸುವ ಕೆಲಸ. ಅಲ್ಲಿಯವರು ಸತ್ತರೆ ನೀನು ಇಲ್ಲಿ ಕೂತು ಯಾಕೆ ಎಣಿಸಬೇಕು ಎಂದು ನಮ್ಮತ್ತೆ ಫೋನಿನಲ್ಲಿ ಕೇಳಿದ್ದರು. ತಪ್ಪು ಪ್ರಶ್ನೆಯೇನಲ್ಲ. ಯುರೋಪಿನ ಒಂದು ಸಂಸ್ಥೆ ಯಾವ ದೇಶದಲ್ಲಿ ಯಾವ ರೋಗಕ್ಕೆ ಜನ ಹೆಚ್ಚು ಸಾಯುತ್ತಾರೆ ಎಂದು ತೋರಿಸುವ ದೊಡ್ಡ ಭೂಪಟ ಪುಸ್ತಕ ಮಾಡುತ್ತಿತ್ತು. ಅವರು ಸಂಜೆ ಕಳಿಸಿದ್ದನ್ನು ಅವರು ಮಲಗಿದ್ದಾಗ ನಾವು ಮಾಡಿ, ಅವರು ಏಳುವಷ್ಟರಲ್ಲಿ ಕಳಿಸುತ್ತಿದ್ದೆವು. ಸಂಬಳವೂ ಅಲ್ಲಿಗಿಂತ ಇಲ್ಲಿ ಕಡಿಮೆ.

ಆ ಕೆಲಸಕ್ಕೆ ಮುಖ್ಯಸ್ಥರು ನಮ್ಮ ಡಾಕ್ಟರು. ಐವತ್ತೈದು ದಾಟಿದವರು, ಕುಳ್ಳಗೆ, ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಒಂದು ಕೆಂಪು ಒಂದು ನೀಲಿ ಪೆನ್ಸಿಲು. ಉಡುಪಿ ಕಡೆಯವರು. ಉತ್ತರ ಯುರೋಪಿನ ಒಂದು ಸರ್ಕಾರಿ ಆರೋಗ್ಯ ಕಚೇರಿಯಲ್ಲಿ ಹತ್ತು ವರ್ಷ ದುಡಿದು, ಚಳಿ ಸಾಕು ಎಂದು ಸಿಂಗಾಪುರಕ್ಕೆ ಬಂದವರು. ಮನೆಯಲ್ಲಿ ತುಳು, ನಮ್ಮೊಂದಿಗೆ ಬೆಂಗಳೂರು ಕನ್ನಡ. ಆದರೆ ಖುಷಿಯಾದಾಗಲೂ ಕೋಪ ಬಂದಾಗಲೂ ಕರಾವಳಿ ತಾನಾಗಿ ಹೊರಗೆ ಬರುತ್ತಿತ್ತು. ಆಗ ನಾನು ಮೇಡಂ ಹೋಗಿ ಮಾರಾಯ್ತಿ ಆಗುತ್ತಿದ್ದೆ.

ಸ್ಟೆತಾಸ್ಕೋಪ್ ಮುಟ್ಟದೆ ಯಾವ ಕಾಲವಾಗಿತ್ತೋ. ಆದರೂ ಗಣೇಶ ಚತುರ್ಥಿಗೆ ಅವರೂ ನಾವೂ ಮನೆ ಮಾಡಿದ್ದ ಕ್ಲೆಮೆಂಟಿಯಲ್ಲಿ, ಫ್ಲ್ಯಾಟುಗಳ ಅಡಿಯ ಖಾಲಿ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಕನ್ನಡದವರೆಲ್ಲ ಸೇರಿದರೆ ಹೆಂಗಸರು ಅವರನ್ನು ಮುತ್ತಿಕೊಳ್ಳುತ್ತಿದ್ದರು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಶುಗರ್. ಡಾಕ್ಟರು ಕೈ ಮುಗಿದು, ನಾನು ಸತ್ತವರ ಡಾಕ್ಟರು, ಅದರಲ್ಲೂ ಯುರೋಪಿನವರಿಗೆ ಮಾತ್ರ ಎನ್ನುತ್ತಿದ್ದರು. ಒಬ್ಬ ಮನುಷ್ಯನ ಬಗ್ಗೆ ತನಗೆ ಏನೂ ಗೊತ್ತಾಗುವುದಿಲ್ಲ, ಒಂದು ಲಕ್ಷ ಜನರನ್ನು ತಂದು ನಿಲ್ಲಿಸಿದರೆ ಹೇಳುತ್ತೇನೆ ಎಂದೂ ಸೇರಿಸುತ್ತಿದ್ದರು. ಅವರ ಮಗಳು ಆಗ ಸೆಕೆಂಡರಿ ಸ್ಕೂಲು. "ಅಪ್ಪ, ಎನಫ್ ಲಾ, ಆಂಟಿಗೆ ಬೋರ್ ಆಗ್ತಿದೆ" ಎಂದು ಎಳೆದುಕೊಂಡು ಹೋಗುತ್ತಿದ್ದಳು.

ಯುರೋಪನ್ನು ಅವರು ನನಗೆ ಕಲಿಸಿದ್ದು ಅಡುಗೆಮನೆಯಿಂದ. ಗೋಡೆಯ ಮೇಲಿನ ಭೂಪಟದಲ್ಲಿ ನೀಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದರು. ಗೆರೆಯ ಮೇಲಿನವರು ಬೆಣ್ಣೆಯವರು, ಕೆಳಗಿನವರು ಎಣ್ಣೆಯವರು. ಮೇಲೆ ಫಿನ್‌ಲೆಂಡ್, ಸ್ಕಾಟ್‌ಲೆಂಡ್ ಕಡೆ ಗಂಡಸರು ಹೃದಯ ಹಿಡಿದುಕೊಂಡು ಬೇಗ ಹೋಗುತ್ತಾರೆ, ಕೆಳಗೆ ಗ್ರೀಸ್, ಇಟಲಿ ಕಡೆ ನಿಧಾನ ಮಾಡುತ್ತಾರೆ. ಹಾಗಾದರೆ ಎಣ್ಣೆಯೇ ಕಾರಣ ಅಲ್ಲವೇ ಸಾರ್ ಎಂದು ನಾನು ಜಾಣತನ ತೋರಿಸಿದೆ. ಅವರು ನಕ್ಕು, ಹಾಗಾದರೆ ನಿನ್ನ ಮೈಸೂರಿನ ತುಪ್ಪ, ನನ್ನ ತೆಂಗಿನೆಣ್ಣೆ, ಧಾರವಾಡದ ಶೇಂಗಾ ಎಣ್ಣೆ ಇಟ್ಟುಕೊಂಡು ಕರ್ನಾಟಕಕ್ಕೂ ಗೆರೆ ಎಳಿ ನೋಡೋಣ ಎಂದರು. ಬೀಡಿ, ಉಪ್ಪು, ನಡಿಗೆ, ಮನೆಯ ಚಿಂತೆ ಎಲ್ಲವನ್ನೂ ಬಿಟ್ಟು ಎಣ್ಣೆಯೊಂದನ್ನೇ ಹಿಡಿದರೆ ಅದು ಎಣ್ಣೆ ಮಾರುವವನ ಲೆಕ್ಕ ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಅದು ನನಗೆ ಸುಲಭವಾಗಿ ಬರುವ ವಿದ್ಯೆಯಲ್ಲ.

ಪೂರ್ವ ಯುರೋಪಿನ ಹಾಳೆ ಬಂದರೆ ಮಾತ್ರ ಡಾಕ್ಟರು ತಮಾಷೆ ಮಾಡುತ್ತಿರಲಿಲ್ಲ. ಆ ವರ್ಷಗಳಲ್ಲಿ ಅಲ್ಲಿ ದೇಶಗಳೇ ಒಡೆದಿದ್ದವು, ಕಾರ್ಖಾನೆಗಳು ಮುಚ್ಚಿದ್ದವು. ದುಡಿಯುವ ವಯಸ್ಸಿನ ಗಂಡಸರ ಕಾಲಮ್ಮು ಮಾತ್ರ ಊದಿಕೊಂಡಿತ್ತು. ಹೃದಯ, ಕುಡಿತ, ಆತ್ಮಹತ್ಯೆ ಎಂದು ಬೇರೆ ಬೇರೆ ನಂಬರಿನಲ್ಲಿ ಸತ್ತಿದ್ದರು. ಅವರು ಕೆಂಪು ಪೆನ್ಸಿಲಿನಿಂದ ಆ ಕಾಲಮ್ಮಿನ ಸುತ್ತ ಒಂದು ಗೆರೆ ಹಾಕಿ, "ಕೆಲಸ ಹೋದ ರೋಗಕ್ಕೆ ಪುಸ್ತಕದಲ್ಲಿ ನಂಬರ್ ಇಲ್ಲ" ಎಂದರು. ಅವತ್ತು ಮಧ್ಯಾಹ್ನ ಹಾಕರ್ ಸೆಂಟರ್‌ಗೆ ನಮ್ಮ ಜೊತೆ ಊಟಕ್ಕೂ ಬರಲಿಲ್ಲ.

ಇನ್ನು ಆ ಕೆಳಗಿನ ಸಾಲು. ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಬರೆಯಲು ಒಂದರ ಕೆಳಗೊಂದು ಸಾಲುಗಳಿರುತ್ತವೆ. ಮೇಲಿನ ಸಾಲಿನಲ್ಲಿ ಕೊನೆಗೆ ಏನಾಯಿತು ಎಂದು, ಅದರ ಕೆಳಗೆ ಅದು ಯಾವುದರಿಂದ ಎಂದು, ಅದರ ಕೆಳಗೆ ಅದು ಯಾವುದರಿಂದ ಎಂದು. ಎಲ್ಲಕ್ಕಿಂತ ಕೆಳಗಿನದೇ ಮೂಲ ಕಾರಣ. ದೇಶದ ಲೆಕ್ಕಕ್ಕೆ ಸೇರುವುದು ಅದೊಂದೇ. "ಹೃದಯ ನಿಂತು ಸತ್ತರು" ಎಂದು ಬರೆಯುವ ವೈದ್ಯರನ್ನು ಕಂಡರೆ ನಮ್ಮ ಡಾಕ್ಟರಿಗೆ ಮೈಯೆಲ್ಲ ಉರಿ. ಹೃದಯ ನಿಲ್ಲದೆ ಸತ್ತವರು ಯಾರಾದರೂ ಇದ್ದರೆ ತೋರಿಸಿ ಎನ್ನುತ್ತಿದ್ದರು. ಮೇಲಿನ ಸಾಲನ್ನು ಯಾರು ಬೇಕಾದರೂ ಬರೆಯುತ್ತಾರೆ, ಕೆಳಗಿನದಕ್ಕೆ ಧೈರ್ಯ ಬೇಕು ಎಂಬುದು ಅವರ ನಿತ್ಯದ ಮಾತು.

ಬದುಕನ್ನೂ ಹಾಗೇ ನೋಡುತ್ತಿದ್ದರು. ಒಂದು ದಿನ ನಾನು ಲೇಟಾಗಿ ಬಂದು ಎಂಆರ್‌ಟಿಯನ್ನು ಬೈದೆ. ಟ್ರೈನ್ ಯಾಕೆ ತಪ್ಪಿತು ಎಂದರು. ಮನೆ ಬಿಟ್ಟದ್ದೇ ಲೇಟು ಎಂದೆ. ಅದು ಯಾಕೆ? ಗಂಡನ ಜೊತೆ ಜಗಳ. ಅದು ಯಾಕೆ? ದೋಸೆ ಹಿಟ್ಟನ್ನು ಫ್ರಿಜ್ಜಿನಲ್ಲಿಡಲು ಮರೆತು ಹುಳಿ ಬಂದಿತ್ತು. ಮರೆತದ್ದು ಯಾರು? ನಾನೇ. ಡಾಕ್ಟರು ಗಂಭೀರವಾಗಿ ತಲೆಯಾಡಿಸಿ, ಹಾಗಾದರೆ ಸಿಂಗಾಪುರ ಸರ್ಕಾರವನ್ನು ಬೈಯಬೇಡ ಎಂದರು. ಇಡೀ ಆಫೀಸು ನಕ್ಕಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು, ಆದರೆ ಅವರ ಮೇಲೆ ಕೋಪ ಊಟದ ಹೊತ್ತಿನವರೆಗೂ ಬಾಳುತ್ತಿರಲಿಲ್ಲ.

ಅವರದೇ ಇನ್ನೊಂದು ಕಟ್ಟಳೆ ಗುರುವಾರದ ಓದು. ಪ್ರತಿ ಗುರುವಾರ ಊಟದ ನಂತರ ನಾವೆಲ್ಲ ಮೇಜಿನ ಸುತ್ತ ಕೂತು, ಹೆಸರು ಅಳಿಸಿದ ಹತ್ತು ಮರಣಪತ್ರಗಳನ್ನು ಗಟ್ಟಿಯಾಗಿ ಓದಬೇಕು. ಗಂಡಸೋ ಹೆಂಗಸೋ, ವಯಸ್ಸು, ಉದ್ಯೋಗ, ಮೇಲಿನ ಸಾಲು, ಕೆಳಗಿನ ಸಾಲು, ಪಕ್ಕದಲ್ಲಿ ರೋಗದ ನಂಬರು. ಲಕ್ಷಗಟ್ಟಲೆ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವವರು ವಾರಕ್ಕೆ ಹತ್ತು ಜನರಿಗಾದರೂ ಎದ್ದು ನಿಂತು ಮರ್ಯಾದೆ ಕೊಡಬೇಕಂತೆ. ಎದ್ದು ನಿಂತೇ ಓದಬೇಕಿತ್ತು. ನನಗೆ ಅದು ಸಮಯ ದಂಡ ಎನ್ನಿಸುತ್ತಿತ್ತು, ಬಾಯಿಬಿಟ್ಟು ಹೇಳಿಯೂ ಇದ್ದೆ.

ನನ್ನ ತಪ್ಪು ಸಿಕ್ಕಿದ್ದು ಅಲ್ಲೇ.

ರೋಗಗಳಿಗೆಲ್ಲ ನಂಬರ್ ಕೊಡುವ ಒಂದು ದಪ್ಪ ಪುಸ್ತಕವಿದೆ. ಆಗ ಹಳೆಯ ಪುಸ್ತಕ ಹೋಗಿ ಹೊಸದು ಬರುತ್ತಿತ್ತು. ಒಂದೊಂದು ದೇಶ ಒಂದೊಂದು ವರ್ಷದ ಜನವರಿ ಒಂದರಂದು ಹೊಸದಕ್ಕೆ ಶಿಫ್ಟ್ ಆಗುತ್ತಿತ್ತು. ಹೊಸ ನಂಬರುಗಳು ಹಳೆಯ ಯಾವ ನಂಬರಿಗೆ ಸಮ ಎಂಬ ಪಟ್ಟಿಯನ್ನು ನಾನು ಟೈಪ್ ಮಾಡಿದ್ದೆ. ಊಟದೊಳಗೆ ಮುಗಿಸುತ್ತೇನೆ ಎಂದು ಬೆಟ್ ಕಟ್ಟಿ ಮುಗಿಸಿದ್ದೆ. ಆ ಪಟ್ಟಿಯಿಂದ ತೆಗೆದ ಗ್ರಾಫಿನಲ್ಲಿ ಉತ್ತರದ ಒಂದು ಬೆಣ್ಣೆ ದೇಶದಲ್ಲಿ ಹೃದಯದ ಸಾವುಗಳು ಧೊಪ್ಪೆಂದು ಕೆಳಗೆ ಬಿದ್ದಿದ್ದವು. ಆ ದೇಶ ಬೆಣ್ಣೆ, ಸಿಗರೇಟು ಬಿಡಿ ಎಂದು ಜನರಿಗೆ ವರ್ಷಗಟ್ಟಲೆ ಹೇಳುತ್ತ ಬಂದಿತ್ತು. ಎಲ್ಲರಿಗೂ ಕಥೆ ಸರಿಹೋಯಿತು. ಡಾಕ್ಟರ ಸಹಿಯೊಂದಿಗೆ ಗ್ರಾಫು ಯುರೋಪಿಗೆ ಹೋಯಿತು, ಅಲ್ಲಿಂದ ಹೊಗಳಿಕೆಯ ಫ್ಯಾಕ್ಸ್ ಬಂತು. ಸೋಮವಾರ ನಮ್ಮ ಆಫೀಸಿನ ಡೈರೆಕ್ಟರ್ ಮುಂದೆ ತೋರಿಸಿದರೆ ಪುಸ್ತಕದಲ್ಲಿ ಪ್ರಿಂಟ್. ನಾನು ಒಂದು ವಾರ ನೆಲದ ಮೇಲೆ ನಡೆದಿರಲಿಲ್ಲ.

ಆ ಗುರುವಾರ ನನ್ನ ಸರದಿ. ಗಂಡಸು, ಐವತ್ತೆರಡು ವರ್ಷ, ಬಸ್ ಡ್ರೈವರ್. ಕೆಳಗಿನ ಸಾಲು ಹೃದಯದ ರಕ್ತನಾಳದ ರೋಗ. ಪಕ್ಕದ ನಂಬರ್ ಓದಲು ಹೋದೆ, ನಾಲಿಗೆ ನಿಂತಿತು. ಆ ನಂಬರನ್ನು ನಾನು ಪಟ್ಟಿಯಲ್ಲಿ ಟೈಪ್ ಮಾಡಿದ ನೆನಪೇ ಇರಲಿಲ್ಲ. ಪ್ರಿಂಟ್ ಸರಿ ಇಲ್ಲ ಎಂದು ಏನೋ ಗೊಣಗಿ ಮುಂದಕ್ಕೆ ಓದಿ ಕೂತೆ. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಸೀಟಿಗೆ ಹೋಗಿ ತೆಗೆದು ನೋಡಿದರೆ ಎರಡು ಸಾಲು ಬಿಟ್ಟುಹೋಗಿದ್ದವು. ಆ ಎರಡು ಸಾಲಿನ ಗಂಡಸರು ಹೆಂಗಸರು ಎಲ್ಲ "ಇತರೆ" ಎಂಬ ತಿಪ್ಪೆಗೆ ಹೋಗಿದ್ದರು. ಬೆಣ್ಣೆ ಬಿಟ್ಟು ಬದುಕಿದ್ದಾರೆ ಎಂದು ನಾವು ಲೆಕ್ಕ ಹಾಕಿದ್ದವರೆಲ್ಲ ಸತ್ತೇ ಇದ್ದರು.

ಹೇಳಬೇಕಿತ್ತು, ಹೇಳಲಿಲ್ಲ. ನನಗೆ ಆಗ ಐದು ತಿಂಗಳು. ಗಂಡನ ಕಂಪನಿ ಸೆಲೆಟಾರ್‌ನ ಘಟಕವನ್ನು ಮುಚ್ಚುವುದಾಗಿ ನೋಟಿಸ್ ಹಾಕಿತ್ತು. ಸಿಂಗಾಪುರದಲ್ಲಿ ಕಾಯಂ ಆಗಿ ಇರಲು ಹಾಕಿದ್ದ ನಮ್ಮ ಪಿಆರ್ ಅರ್ಜಿ ನನ್ನ ಕೆಲಸವೊಂದನ್ನೇ ನೆಚ್ಚಿಕೊಂಡಿತ್ತು. ಕೆಲಸ ಹೋದರೆ ಹೊಟ್ಟೆಯಲ್ಲಿರುವುದರ ಸಮೇತ ಗಂಟುಮೂಟೆ ಕಟ್ಟಬೇಕು. ಇದು ಮೇಲಿನ ಸಾಲು. ಕೆಳಗಿನ ಸಾಲು, ಹೊಗಳಿಸಿಕೊಂಡ ಬಾಯಲ್ಲೇ ತಪ್ಪಾಯಿತು ಎನ್ನಲು ನಾಚಿಕೆ.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಗ್ರಾಫನ್ನು ತಂದು ನನ್ನ ಮೇಜಿನ ಮೇಲಿಟ್ಟರು. ನೀಲಿ ಪೆನ್ಸಿಲಿನಿಂದ ಒಂದೊಂದೇ ಗೆರೆ ತೋರಿಸಿದರು. ಮೂವತ್ತರವರಿಗೂ ಬಿದ್ದಿದೆ, ಎಂಬತ್ತರವರಿಗೂ ಬಿದ್ದಿದೆ. ಗಂಡಸರಿಗೂ, ಹೆಂಗಸರಿಗೂ. ಎಲ್ಲ ಒಂದೇ ಜನವರಿಯಲ್ಲಿ.

"ರೋಗ ಕ್ಯಾಲೆಂಡರ್ ನೋಡಿಕೊಂಡು ಬಿಟ್ಟುಹೋಗ್ತದಾ ಮಾರಾಯ್ತಿ?" ಎಂದರು.

ಬೆಣ್ಣೆ ಬಿಟ್ಟ ಪರಿಣಾಮ ಇರಬಹುದು ಸಾರ್ ಎಂದೆ. ಗೊತ್ತಿದ್ದೂ ಹೇಳಿದೆ. ಅವರು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು, ಸೋಮವಾರ ನೀನೇ ಪ್ರೆಸೆಂಟ್ ಮಾಡು, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದು ಹೇಳಿ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗೊತ್ತಾಗಿದೆ ಎಂದೂ ಹೇಳಲಿಲ್ಲ, ಗೊತ್ತಾಗಿಲ್ಲ ಎಂದೂ ಹೇಳಲಿಲ್ಲ.

ಭಾನುವಾರ ಸಾಮಾನು ತರಲು ಲಿಟಲ್ ಇಂಡಿಯಾಕ್ಕೆ ಹೋದೆವು. ಸೆರಂಗೂನ್ ರೋಡಿನ ಹೋಟೆಲಿನಲ್ಲಿ ಇಡ್ಲಿ ಮುಂದಿಟ್ಟುಕೊಂಡು ಗಂಡನಿಗೆ ಎಲ್ಲ ಹೇಳಿದೆ. ಅವರು ವಿಮಾನದ ಬೋಲ್ಟ್ ಎಣಿಸುವ ಮನುಷ್ಯ. ಒಂದು ಬೋಲ್ಟ್ ಲೆಕ್ಕಕ್ಕೆ ಸಿಗದಿದ್ದರೆ ವಿಮಾನವನ್ನು ಬಿಡುವುದಿಲ್ಲ. ನಿಧಾನವಾಗಿ ಇಡ್ಲಿ ಮುಗಿಸಿ, "ವರ್ಕ್ ಪಾಸ್ ಹೋದ್ರೆ ಮೈಸೂರಿಗೆ ಹೋಗೋಣ. ಅಲ್ಲೇನು ಹೆರಿಗೆ ಆಗಲ್ವಾ?" ಎಂದರು. ಅಷ್ಟೇ. ಅವರು ಒಂದು ಮಾತು ಹೆಚ್ಚು ಆಡಿದ್ದರೂ ಜಗಳವಾಗುತ್ತಿತ್ತು.

ಆದರೂ ಸೋಮವಾರ ಕ್ಲೆಮೆಂಟಿ ಸ್ಟೇಷನ್ನಿನಲ್ಲಿ ಕಾಲು ಏಳಲಿಲ್ಲ. ಮೊದಲ ಟ್ರೈನ್ ಬಂತು, ಹೋಯಿತು. ಮೈ ಸರಿಯಿಲ್ಲ ಎಂದು ಫೋನ್ ಮಾಡಿದರೆ ಬಸುರಿಯನ್ನು ಯಾರು ಪ್ರಶ್ನಿಸುತ್ತಾರೆ? ಗ್ರಾಫ್ ತಾನಾಗಿ ಪ್ರಿಂಟ್ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದೂ ಹೋಯಿತು. ಆಗ ಆ ಬಸ್ ಡ್ರೈವರ್ ನೆನಪಾದ. ಐವತ್ತೆರಡು ವರ್ಷ. ಅವನನ್ನು "ಇತರೆ"ಯಲ್ಲಿ ಬಿಟ್ಟು ಮನೆಗೆ ಹೋಗಿ ಮಲಗಲು ನನ್ನಿಂದಾಗಲಿಲ್ಲ. ಮೂರನೆಯದಕ್ಕೆ ಹತ್ತಿದೆ.

ಮೀಟಿಂಗ್ ಶುರುವಾಗಲಿತ್ತು. ಯಾವತ್ತೂ ಲೇಟಾಗದ ಡಾಕ್ಟರು ಅವತ್ತು ನನ್ನ ಹಿಂದೆಯೇ ಬಂದು, ಕನ್ನಡಕ ಒರೆಸುತ್ತ ಕೂತರು. ನಾನು ಗ್ರಾಫನ್ನು ಹಾಕದೆ ನನ್ನ ಪಟ್ಟಿಯನ್ನು ಹಾಕಿದೆ. ಇಲ್ಲಿ ಎರಡು ಸಾಲು ನಾನು ಬಿಟ್ಟಿದ್ದೇನೆ, ಹೃದಯದ ಸಾವುಗಳು ಹಾಗೆ ಬಿದ್ದಿಲ್ಲ, ಗುರುವಾರದಿಂದ ನನಗೆ ಇದು ಗೊತ್ತಿದೆ, ಮುಚ್ಚಿಟ್ಟಿದ್ದೆ ಎಂದೆ. ಡೈರೆಕ್ಟರ್ ಸಿಂಗಾಪುರದ ಚೀನೀ ಹೆಂಗಸು, ಖಡಕ್ಕು. ಅವರು ಡಾಕ್ಟರ ಕಡೆ ಒಮ್ಮೆ ನೋಡಿದರು. ಆಮೇಲೆ ನನಗೆ, ಸರಿ, ಬುಧವಾರದೊಳಗೆ ಸರಿಪಡಿಸಿ ಕಳಿಸು ಎಂದರು. ಮುಗಿಯಿತು. ನನ್ನ ಪ್ರಾಮಾಣಿಕತೆಗೆ ಕಲ್ಲು ಕರಗಿತು ಎಂದು ನಾನು ಬಹಳ ವರ್ಷ ಹೆಮ್ಮೆಪಟ್ಟುಕೊಂಡಿದ್ದೆ.

ಆ ಎರಡು ಸಾಲು ಸೇರಿಸಿ ಗ್ರಾಫ್ ತೆಗೆದಾಗ ಪ್ರಪಾತ ಹೋಗಿ ಇಳಿಜಾರು ಬಂತು. ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು ಖುಷಿಪಟ್ಟರು. ಬೆಣ್ಣೆ ಬಿಟ್ಟದ್ದು ಸುಳ್ಳಲ್ಲ, ಇಳಿದದ್ದೂ ಸುಳ್ಳಲ್ಲ, ಆದರೆ ರೋಗ ಇಳಿಯುವುದು ಇಷ್ಟೇ ಮೆಲ್ಲಗೆ ಎಂದು ಪೆನ್ಸಿಲಿನಿಂದ ಸವರಿದರು. ಶುಕ್ರವಾರದ ಬಗ್ಗೆ ಒಂದೂ ಮಾತಿಲ್ಲ. ಹಾಕರ್ ಸೆಂಟರಿನಲ್ಲಿ ತಮಗೆ ಸಕ್ಕರೆ ಇಲ್ಲದ ಕಾಫಿ, ನನಗೆ ಮೈಲೋ ತರಿಸಿದರು. ಬಸುರಿಯರಿಗೆ ಕಾಫಿ ಬೇಡ ಎನ್ನುವ ಮಟ್ಟಿಗೆ ಮಾತ್ರ ಅವರು ಜೀವಂತ ಜನರ ಡಾಕ್ಟರು.

ಮಗಳು ಹುಟ್ಟಿದಳು, ಪಿಆರ್ ಬಂತು. ಆ ವರ್ಷದ ಕೊನೆಗೆ ಡಾಕ್ಟರು ಊರಿಗೆ ಹೊರಟರು. ಸಾಕು ಮಾರಾಯ್ತಿ, ಇನ್ನು ಯುರೋಪಿನವರು ಅವರಷ್ಟಕ್ಕೆ ಸಾಯಲಿ ಎಂದರು. ಅವರಿಗೆ ಸಮುದ್ರ ಬೇಕಂತೆ, ಬಂಗುಡೆ ಸಾರು ಬೇಕಂತೆ. ನಾನು ನಂಬಿದೆ. ಬೀಳ್ಕೊಡುಗೆಯಲ್ಲಿ ಅವರ ಮೇಲೆ ಜೋಕು ಮಾಡಿ ಎಲ್ಲರನ್ನೂ ನಗಿಸಿದೆ. ಅವರ ಕುರ್ಚಿ ನನಗೆ ಸಿಕ್ಕಿತು.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂದು ಊರಿಗೆ ಊರೇ ಹೆದರಿದ್ದ ವರ್ಷ ನಮ್ಮ ಆಫೀಸಿನಲ್ಲೂ ಹಳೆಯ ಫೈಲುಗಳನ್ನು ವಿಲೇವಾರಿ ಮಾಡಿದರು. ಡೈರೆಕ್ಟರರ ಕಪಾಟಿನ ಫೈಲೊಂದು ನನ್ನ ಮೇಜಿಗೆ ಬಂತು. ಅದರಲ್ಲಿ ಡಾಕ್ಟರು ಯುರೋಪಿಗೆ ಕಳಿಸಿದ ಒಂದು ಪತ್ರ. ಗ್ರಾಫ್ ತಪ್ಪಾಗಿದೆ, ದಯವಿಟ್ಟು ಪ್ರಿಂಟ್ ಮಾಡಬೇಡಿ. ಪಟ್ಟಿಯನ್ನು ಪರಿಶೀಲಿಸುವ ಹೊಣೆ ನನ್ನದು, ಪರಿಶೀಲಿಸದೆ ಸಹಿ ಹಾಕಿದೆ, ತಪ್ಪು ನನ್ನದು ಎಂದು ಬರೆದಿದ್ದರು. ಕೆಳಗೆ ಡೈರೆಕ್ಟರ್ ಓದಿದ್ದಕ್ಕೆ ಸಹಿ. ನನ್ನ ಹೆಸರು ಎಲ್ಲೂ ಇಲ್ಲ. ಅದರ ಹಿಂದೆ ಅಲ್ಲಿಂದ ಬಂದ ಉತ್ತರ: ತಿಳಿಸಿದ್ದಕ್ಕೆ ಧನ್ಯವಾದ, ಮುಂದಿನ ಕರಾರಿನಿಂದ ಬೇರೆಯವರು ಸಹಿ ಮಾಡುವಂತಾಗಲಿ. ಬಂಗುಡೆ ಸಾರಿನ ಕಥೆ ಅಲ್ಲಿಗೆ ತಿಳಿಯಿತು. ಪತ್ರದ ನೆತ್ತಿಯ ಮೇಲೆ ಫ್ಯಾಕ್ಸ್ ಮೆಷಿನ್ ಒತ್ತಿದ ದಿನವನ್ನು ಮೂರು ಸಲ ಓದಿದೆ. ಶುಕ್ರವಾರ. ನನಗೆ ಗ್ರಾಫ್ ತೋರಿಸಿದ ಅದೇ ಶುಕ್ರವಾರ ಸಂಜೆ. ಸೋಮವಾರ ನಾನು ನಡುಗುತ್ತ ಹೇಳಿದ್ದು ಆ ಕೋಣೆಯಲ್ಲಿ ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಉಡುಪಿಗೆ ಫೋನ್ ಹಚ್ಚಿದೆ. ಫ್ಯಾಕ್ಸ್ ನೋಡಿದೆ ಸಾರ್ ಎಂದೆ. ಅದು ಇನ್ನೂ ಉಂಟಾ ಎಂದರು. ನನಗೆ ಅಳುವೂ ಕೋಪವೂ ಒಟ್ಟಿಗೇ ಬಂತು. ಜನ್ಮವಿಡೀ ಊರಿಗೆಲ್ಲ ಮೂಲ ಕಾರಣದ ಪಾಠ ಹೇಳಿ, ತನ್ನ ಸರದಿ ಬಂದಾಗ ಸುಳ್ಳು ಕಾರಣ ಬರೆದಿರಲ್ಲ ಎಂದು ಗುರುಗಳನ್ನು ಬೈಯುವ ಹಾಗೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸುಳ್ಳು ಎಲ್ಲುಂಟು? ನೀನು ಎರಡು ಸಾಲು ಬಿಟ್ಟಿ, ಅದು ಮೇಲಿನ ಸಾಲು. ಅದು ಹೊರಗೆ ಯಾಕೆ ಹೋಯ್ತು? ನಾನು ಚೆಕ್ ಮಾಡ್ಲಿಲ್ಲ. ಯಾಕೆ ಮಾಡ್ಲಿಲ್ಲ? ನೀನು ಮಾಡಿದ್ದಲ್ವಾ ಅಂತ. ಅದರ ಕೆಳಗೆ ಬರೀಲಿಕ್ಕೆ ಇನ್ನೇನೂ ಇಲ್ಲ."

ಹಾಗಾದರೆ ಶುಕ್ರವಾರವೇ ಎಲ್ಲ ಮುಗಿದಿತ್ತಲ್ಲ, ಸೋಮವಾರದವರೆಗೆ ನನ್ನನ್ನು ಯಾಕೆ ಬೇಯಿಸಿದಿರಿ ಎಂದು ಕೇಳಿದೆ. ಗ್ರಾಫು ಕಾಯುವ ಹಾಗಿರಲಿಲ್ಲ, ಅದನ್ನು ನಿಲ್ಲಿಸಿದೆ, ನಿನ್ನದು ಬೇರೆ ಲೆಕ್ಕ ಎಂದರು. ನಾನು ಬರದೇ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದೆ.

"ಬಂದಿಯಲ್ಲ" ಎಂದರು. "ಎರಡು ಟ್ರೈನ್ ಬಿಟ್ಟಿ, ಮೂರನೇದಕ್ಕೆ ಹತ್ತಿದಿ. ನಾನೂ ಅಲ್ಲೇ ಕಂಬದ ಹಿಂದೆ ನಿಂತಿದ್ದೆ ಮಾರಾಯ್ತಿ. ನಂಗೂ ಲೇಟ್ ಆಯ್ತು."